ಟಾಮ್‌ಕ್ಯಾಟ್ ಎದ್ದಿತು, ಗ್ರಾಫ್ ಮಲಗಿತು

ಜಾವಾ ಭಾಷೆಯಲ್ಲಿ ಬರೆದ ವೆಬ್ ಅಪ್ಲಿಕೇಶನ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ ಸರ್ವರ್ ಹೊಸ ಆವೃತ್ತಿಗೆ ಹೋಯಿತು. ವೆಬ್‌ಸೈಟ್ ತೆರೆಯುತ್ತದೆ, ಲಾಗಿನ್ ಆಗುತ್ತದೆ, ಯಾರೂ ದೂರು ಹೇಳಿಲ್ಲ. ಆದರೆ ಅದರ ಮೇಲೆ ದೂರದಿಂದ ಕಣ್ಣಿಟ್ಟಿದ್ದ ಮಾನಿಟರಿಂಗ್ ಪರದೆಯಲ್ಲಿ ಗ್ರಾಫ್‌ಗಳೆಲ್ಲ ಖಾಲಿ. ಅಲರ್ಟ್ ಕೂಡ ಬಂದಿಲ್ಲ. 'ಮೆಮೊರಿ ಬಳಕೆ 90% ದಾಟಿದರೆ ಕೂಗು' ಅಂತ ನಿಯಮ ಬರೆದಿರುತ್ತೇವೆ. ಅಂಕಿಯೇ ಬರದಿದ್ದರೆ ಅದು ದಾಟುವುದಾದರೂ ಹೇಗೆ? ಎಲ್ಲ ಸರಿಯಿದ್ದಾಗಲೂ ಮೌನ, ಏನೂ ಕಾಣದಿದ್ದಾಗಲೂ ಮೌನ. ಅಪ್‌ಗ್ರೇಡ್‌ನಲ್ಲಿ ನನಗೆ ಭಯ ಹುಟ್ಟಿಸುವುದು ಇದೊಂದೇ.

ಜಾವಾದಲ್ಲಿ ಓಡುವ ಸರ್ವರ್‌ನ ಒಳಗಿನ ಸ್ಥಿತಿಯನ್ನು ಹೊರಗೆ ತೋರಿಸಲು ಜೆಎಂಎಕ್ಸ್ ಎಂಬ ವ್ಯವಸ್ಥೆ ಇದೆ. 2004ರಲ್ಲಿ ಬಂದ ಜಾವಾ 5ರಿಂದ ಅದು ಜಾವಾದ ಜೊತೆಗೇ ಬರುತ್ತದೆ. ಎಷ್ಟು ಮೆಮೊರಿ ಖರ್ಚಾಗಿದೆ, ಎಷ್ಟು ಥ್ರೆಡ್‌ಗಳು (ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳು) ಓಡುತ್ತಿವೆ ಎಂಬುದನ್ನು ಅದು ಎಂಬೀನ್ ಎಂಬ ಹೆಸರಿಟ್ಟ ವಸ್ತುಗಳಲ್ಲಿ ಇಟ್ಟಿರುತ್ತದೆ. ಜೆಕನ್ಸೋಲ್‌ನಂಥ ಮಾನಿಟರಿಂಗ್ ಸಾಧನಗಳು ಬಂದು ಓದಿಕೊಳ್ಳುತ್ತವೆ.

ತೊಂದರೆ ಇರುವುದು ಅವು ಬರುವ ದಾರಿಯಲ್ಲಿ. ದೂರದಿಂದ ಬರುವವರಿಗೆ ಒಂದಲ್ಲ, ಎರಡು ಪೋರ್ಟ್ (ಯಂತ್ರದೊಳಗೆ ಹೋಗಲು ನಂಬರ್ ಹಾಕಿದ ಬಾಗಿಲು) ಬೇಕು. ಮೊದಲನೆಯದು ಸರ್ಕಾರಿ ಕಚೇರಿಯ ವಿಚಾರಣೆ ಕಿಟಕಿ ಇದ್ದ ಹಾಗೆ: 'ನಿಮ್ಮ ಕೆಲಸ ಇಲ್ಲಾಗಲ್ಲ, ಆ ಕೋಣೆಗೆ ಹೋಗಿ' ಅಂತ ಕಳಿಸುತ್ತದೆ. ಆ ಕೋಣೆಯ ನಂಬರ್ ನಾವು ಹೇಳದಿದ್ದರೆ ಪ್ರತಿ ಬಾರಿ ಸರ್ವರ್ ಎದ್ದಾಗಲೂ ಬದಲಾಗುತ್ತದೆ. ನಡುವೆ, ಒಪ್ಪಿಗೆಯಿಲ್ಲದ ಪೋರ್ಟ್‌ಗಳನ್ನು ತಡೆಯುವ ಫೈರ್‌ವಾಲ್ ಇದ್ದರೆ ಕಥೆ ಮುಗಿಯಿತು. ಕಿಟಕಿವರೆಗೆ ಬಿಡುತ್ತದೆ, ಕೋಣೆಗೆ ಬಿಡುವುದಿಲ್ಲ.

ಎರಡೂ ಪೋರ್ಟ್‌ಗಳ ನಂಬರ್ ಕಟ್ಟಿಹಾಕಲು ಟಾಮ್‌ಕ್ಯಾಟ್ ತನ್ನದೇ ಲಿಸನರ್ (ಸರ್ವರ್ ಜೊತೆಗೇ ಏಳುವ ಸಣ್ಣ ಭಾಗ) ಒಂದನ್ನು ಕೊಟ್ಟಿತ್ತು. ಹಳೆಯ ಸರ್ವರ್‌ಗಳಲ್ಲಿ ಎಷ್ಟೋ ಜನ ಅದನ್ನೇ ನಂಬಿದ್ದರು. ಜಾವಾ 7ರ ಒಂದು ಅಪ್‌ಡೇಟ್‌ನಿಂದ ಈಚೆಗೆ ಎರಡನೇ ಪೋರ್ಟನ್ನು ಜಾವಾದಲ್ಲೇ ನಿಗದಿ ಮಾಡಬಹುದಾಯಿತು. ಇತ್ತ 2016ರಲ್ಲಿ ಲಿಸನರ್‌ನಲ್ಲಿ ದೊಡ್ಡ ಭದ್ರತಾ ಲೋಪವೂ ಸಿಕ್ಕಿತು: ಜೆಎಂಎಕ್ಸ್ ಪೋರ್ಟ್ ಮುಟ್ಟಬಲ್ಲ ದಾಳಿಕೋರ ಸರ್ವರ್‌ನಲ್ಲಿ ತನ್ನ ಕೋಡ್ ಓಡಿಸಬಹುದಿತ್ತು. ಟಾಮ್‌ಕ್ಯಾಟ್ 10ರಲ್ಲಿ ಆ ಲಿಸನರೇ ಇಲ್ಲ. ಈಗ ಎರಡೂ ಪೋರ್ಟ್‌ಗಳನ್ನು ಜಾವಾದ ಆಯ್ಕೆಗಳಲ್ಲೇ ಬರೆಯಬೇಕು. ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟರೂ ನಡೆಯುತ್ತದೆ. ಫೈರ್‌ವಾಲ್ ನೋಡಿಕೊಳ್ಳುವವರಿಗೆ ಅದೇ ಸುಲಭ.

ಪೋರ್ಟ್ ಸರಿಯಿದ್ದರೂ ವಿಳಾಸ ತಪ್ಪಬಹುದು. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಯಂತ್ರದ ಹೆಸರು ಎಷ್ಟೋ ಸಲ ಯಂತ್ರ ತನ್ನನ್ನೇ ಸೂಚಿಸುವ 127.0.1.1 ವಿಳಾಸಕ್ಕೆ ಹೊಂದಿಕೊಂಡಿರುತ್ತದೆ. ಆಗ ಸರ್ವರ್ 'ನಾನಿರುವುದು ಇಲ್ಲಿ' ಅಂತ ಅದೇ ವಿಳಾಸ ಕೊಟ್ಟು ಕಳಿಸುತ್ತದೆ. ಕೇಳಲು ಬಂದ ಸಾಧನ ತನ್ನ ಯಂತ್ರದಲ್ಲೇ ಸರ್ವರನ್ನು ಹುಡುಕುತ್ತ ಕೂರುತ್ತದೆ! ಜಾವಾದ ಆರ್‌ಎಂಐ (ಜೆಎಂಎಕ್ಸ್ ದೂರದಿಂದ ಮಾತಾಡಲು ಬಳಸುವ ದಾರಿ) ಹೋಸ್ಟ್‌ನೇಮ್ ಆಯ್ಕೆಯಲ್ಲಿ ನಿಜವಾದ ವಿಳಾಸ ಬರೆದರೆ ಇದು ತಪ್ಪುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಪೆಟ್ಟು ಹೆಸರುಗಳದು. ಸಂಪರ್ಕ ಸಿಕ್ಕಿತು, ಪಾಸ್‌ವರ್ಡ್ ಒಪ್ಪಿತು, ಆದರೂ ಗ್ರಾಫ್ ಖಾಲಿ. ಟಾಮ್‌ಕ್ಯಾಟ್ 7ರಲ್ಲಿ ಸಾಮಾನ್ಯವಾಗಿ 'ಎಚ್‌ಟಿಟಿಪಿ-ಬಿಐಒ-8080' ಎಂದಿದ್ದ ಥ್ರೆಡ್ ಪೂಲ್ (ಥ್ರೆಡ್‌ಗಳ ಗುಂಪು), 8ರಲ್ಲಿ 'ಎಚ್‌ಟಿಟಿಪಿ-ಎನ್‌ಐಒ-8080' ಆಯಿತು, ಏಕೆಂದರೆ ಸಂಪರ್ಕಗಳನ್ನು ನಿಭಾಯಿಸುವ ಕ್ರಮವೇ ಬದಲಾಗಿತ್ತು. ಜಾವಾ 8ರಲ್ಲಿ ಪರ್ಮ್‌ಜೆನ್ ಎಂಬ ಮೆಮೊರಿ ಭಾಗ ಹೋಗಿ ಮೆಟಾಸ್ಪೇಸ್ ಬಂತು. ಜಾವಾ 9ರಿಂದ ಜಿ1 ಎಂಬ, ಮೆಮೊರಿಯ ಕಸ ಗುಡಿಸುವ ವಿಧಾನವೇ ಸಾಮಾನ್ಯ ಆಯ್ಕೆಯಾದ್ದರಿಂದ 'ಪಿಎಸ್ ಓಲ್ಡ್ ಜೆನ್' ಎಂಬ ಮೆಮೊರಿ ಭಾಗದ ಹೆಸರಿದ್ದ ಕಡೆ 'ಜಿ1 ಓಲ್ಡ್ ಜೆನ್' ಕಾಣಿಸಿಕೊಂಡಿತು. ಮಾನಿಟರ್ ಪಾಪ ಹಳೆಯ ಹೆಸರನ್ನೇ ಕೂಗುತ್ತಿರುತ್ತದೆ. ಓಗೊಡುವವರಿಲ್ಲ. ಹಾಗಾಗಿ ಅಪ್‌ಗ್ರೇಡ್‌ಗೆ ಮುಂಚೆ ಎಂಬೀನ್ ಹೆಸರುಗಳ ಪಟ್ಟಿ ತೆಗೆದಿಡಿ, ಆಮೇಲೆ ಇನ್ನೊಂದು ತೆಗೆದು ಹೋಲಿಸಿ.

ಉಳಿದವು ಚಿಲ್ಲರೆ ಕಿರಿಕಿರಿಗಳು, ಆದರೆ ರಾತ್ರಿ ನಿದ್ದೆ ಕೆಡಿಸುವುದು ಇವೇ. ಟಾಮ್‌ಕ್ಯಾಟ್ ಏಳುವಾಗ ಓದುವ, ಜೆಎಂಎಕ್ಸ್ ಆಯ್ಕೆಗಳಿರುವ ಸೆಟ್‌ಎನ್‌ವಿ ಕಡತ ಟಾಮ್‌ಕ್ಯಾಟ್ ಜೊತೆ ಬರುವುದಲ್ಲ, ನಾವೇ ಬರೆದದ್ದು. ಹಳೆಯ ಫೋಲ್ಡರ್ ಅಳಿಸಿದರೆ ಅದೂ ಹೋಯಿತು. ಪಾಸ್‌ವರ್ಡ್ ಕಡತವನ್ನು ಕಾಪಿ ಮಾಡುವಾಗ ಬೇರೆಯವರಿಗೂ ಓದುವ ಅನುಮತಿ ಸಿಕ್ಕಿಬಿಟ್ಟರೆ ಜಾವಾ ಶುರುವಾಗಲು ಒಪ್ಪುವುದೇ ಇಲ್ಲ. ಇನ್ನು ಆಯ್ಕೆಗಳನ್ನು ಸರ್ವರ್ ಏಳುವಾಗ ಮಾತ್ರ ಓದುವ ಕ್ಯಾಟಲಿನಾ ಆಪ್ಟ್ಸ್ ಬದಲು, ನಿಲ್ಲಿಸುವಾಗಲೂ ಓದುವ ಜಾವಾ ಆಪ್ಟ್ಸ್‌ಗೆ ಹಾಕಿದರೆ, ಸರ್ವರ್ ನಿಲ್ಲಿಸುವ ಆಜ್ಞೆಯೂ ಅದೇ ಪೋರ್ಟ್ ಹಿಡಿಯಲು ಹೋಗಿ ಸೋಲುತ್ತದೆ. ಇಷ್ಟೆಲ್ಲ ಗೋಜಲಿಗೆ ಬೇಸತ್ತು 'ಸದ್ಯಕ್ಕೆ ಪಾಸ್‌ವರ್ಡೇ ಬೇಡ' ಅನ್ನುವವರಿದ್ದಾರೆ. ಅದು ಮಾತ್ರ ಬೇಡವೇ ಬೇಡ. ಜೆಎಂಎಕ್ಸ್ ಪೋರ್ಟನ್ನು ಹೊರಜಗತ್ತಿಗೆ ತೆರೆಯದೆ ಎಸ್‌ಎಸ್‌ಎಚ್ ಎಂಬ ಗೂಢಲಿಪಿ ಸಂಪರ್ಕದ ಸುರಂಗದ ಮೂಲಕ ತಲುಪುವುದು ಲೇಸು.

ಅಂಕಿ ಬರದೇ ಇರುವುದಕ್ಕೂ ಒಂದು ಅಲರ್ಟ್ ಬೇಕು. ಪ್ರೊಮೀಥಿಯಸ್ ಎಂಬ ಮಾನಿಟರಿಂಗ್ ತಂತ್ರಾಂಶ ಬಳಸುವವರಿಗೆ 'ಅಪ್' ಎಂಬ ಅಳತೆ ತಾನಾಗಿ ಸಿಗುತ್ತದೆ. ಅಂಕಿ ತರಲು ಹೋದದ್ದು ಕೈಗೂಡಿದರೆ 1, ಇಲ್ಲದಿದ್ದರೆ 0. ಆದರೆ ಬರೀ ಹೆಸರು ಬದಲಾದರೆ ಅದು 1 ಆಗಿಯೇ ಇರುತ್ತದೆ. ಅದಕ್ಕಾಗಿ, ಇಂಥ ಅಂಕಿ ಇಲ್ಲವೇ ಇಲ್ಲ ಎಂಬುದನ್ನು ಹಿಡಿಯುವ 'ಆಬ್ಸೆಂಟ್' ನಿಯಮವನ್ನೂ ಬರೆಯಬೇಕು. ಅಪ್‌ಗ್ರೇಡ್ ಆದ ಮೇಲೆ ಪರೀಕ್ಷಾ ಸರ್ವರನ್ನು ಬೇಕಂತಲೇ ಒಮ್ಮೆ ನಿಲ್ಲಿಸಿ, ಫೋನಿಗೆ ಅಲರ್ಟ್ ಬರುತ್ತದಾ ನೋಡಿ.