ಹ್ಯಾಸ್ಕಾಪ್ ಸಸಿಯ ಹಿಂದಿನ ದಾರಿ

ಕಳೆದ ಮಳೆಗಾಲದ ಆರಂಭದಲ್ಲಿ ಕಾರ್ಕಳ ಕಡೆಯ ನಮ್ಮ ಕೃಷಿಕರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಚಿತ್ರ ಬಂತು. ಬೆರಳಿನ ಗೆಣ್ಣಿನಷ್ಟು ಉದ್ದದ, ಮೇಲೆ ಬೂದಿ ಸವರಿದಂತಿದ್ದ ನೀಲಿ ಹಣ್ಣು. ಅದರ ಕೆಳಗೆ ‘ಹ್ಯಾಸ್ಕಾಪ್ ಸಸಿಗಳು ಲಭ್ಯ’ ಎಂಬ ಸಾಲು. ಅರ್ಧ ಗಂಟೆಯೊಳಗೆ ಪ್ರಶ್ನೆಗಳು ಸಾಲುಗಟ್ಟಿದವು: ಅಡಿಕೆಯ ನಡುವೆ ಆಗುತ್ತದೆಯೇ, ಸಸಿಗೆ ಎಷ್ಟು, ಎಷ್ಟನೇ ವರ್ಷಕ್ಕೆ ಫಸಲು. ಇದು ಯಾವ ಹವೆಯ ಗಿಡ ಎಂದು ಕೇಳಿದವರಿಲ್ಲ. ಈ ಪ್ರಶ್ನೆ ಕರಾವಳಿಯಲ್ಲಿ ಏಕೆ ಕೊನೆಗೆ ಬರುತ್ತದೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ಗಿಡದ ವಿಷಯ. ಹ್ಯಾಸ್ಕಾಪ್ ಎಂಬುದು ಜಪಾನಿನ ಉತ್ತರ ತುದಿಯ ಹೊಕ್ಕೈಡೋ ದ್ವೀಪದ ಮೂಲನಿವಾಸಿಗಳಾದ ಐನು ಜನರ ಮಾತಿನಿಂದ ಬಂದ ಹೆಸರು. ಲೋನಿಸೆರಾ ಸೆರೂಲಿಯಾ ಎಂಬುದು ಸಸ್ಯಶಾಸ್ತ್ರದ ಹೆಸರು. ಎರಡೆರಡು ಹೂವುಗಳು ಜೋಡಿಯಾಗಿ ಅರಳಿ, ಆ ಜೋಡಿಗೆ ಒಂದೇ ಹಣ್ಣಾಗುವುದು ಇದರ ವಿಶೇಷ. ಹೊಕ್ಕೈಡೋದ ಜೌಗು ಬಯಲುಗಳಲ್ಲಿ ತಾನಾಗಿ ಬೆಳೆಯುತ್ತಿದ್ದ ಈ ಪೊದೆ, 1970ರ ದಶಕದಲ್ಲಿ ಅಲ್ಲಿನ ಸರಕಾರ ಭತ್ತದ ಬೆಳೆಯನ್ನು ಕಡಿಮೆ ಮಾಡಲು ಹೊರಟಾಗ ಗದ್ದೆಯ ಬದಲಿ ಬೆಳೆಯಾಗಿ ಸಣ್ಣ ರೈತರ ಹಿಡುವಳಿಗೆ ಬಂತು. ರಷ್ಯಾದ ವಿಜ್ಞಾನಿಗಳು ಇದರ ಕಾಡುತಳಿಗಳನ್ನು ಸಂಗ್ರಹಿಸಿ ಸಿಹಿ ತಳಿಗಳನ್ನು ಆರಿಸಿದರು. ಕೆನಡಾದ ಸಾಸ್ಕಾಚೆವಾನ್ ವಿಶ್ವವಿದ್ಯಾಲಯದ ಬಾಬ್ ಬೋರ್ಸ್ 2007ರ ಹೊತ್ತಿಗೆ ‘ಟಂಡ್ರಾ’, ‘ಬೊರಿಯಾಲಿಸ್’ ಮೊದಲಾದ ತಳಿಗಳನ್ನು ಹೊರತಂದರು. ಗಿಡ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯನ್ನೂ ತಾಳುತ್ತದೆ. ಅರಳಿದ ಹೂವು ಸೊನ್ನೆಗಿಂತ 7 ಡಿಗ್ರಿ ಕೆಳಗಿಳಿದರೂ ಕರಟುವುದಿಲ್ಲ. ಆದರೆ ಒಂದೇ ತಳಿಯ ಗಿಡಗಳನ್ನು ಎಷ್ಟು ನೆಟ್ಟರೂ ಹಣ್ಣು ಹೆಚ್ಚು ಕಟ್ಟದು. ಅದೇ ಸಮಯಕ್ಕೆ ಹೂ ಬಿಡುವ ಬೇರೊಂದು ತಳಿ ಪಕ್ಕದಲ್ಲಿರಬೇಕು.

ಇಂಥ ಗಿಡಕ್ಕೆ ಚಳಿಗಾಲ ಕಷ್ಟಕಾಲವಲ್ಲ, ನಿದ್ರೆಯ ಕಾಲ. ಎಲೆ ಉದುರಿಸಿ ನೂರಾರು ಗಂಟೆ ಗಟ್ಟಿ ಚಳಿಯಲ್ಲಿ ಕಳೆದ ಮೇಲೆಯೇ ಮೊಗ್ಗು ಸರಿಯಾಗಿ ಒಡೆಯುತ್ತದೆ. ಮಂಗಳೂರಿನಲ್ಲಿ ಜನವರಿಯ ಮುಂಜಾವವೂ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಮ್ಮಲ್ಲಿ ಗಿಡಗಳನ್ನು ತಡೆದು ನಿಲ್ಲಿಸುವುದು ಚಳಿಯಲ್ಲ, ಫೆಬ್ರವರಿಯಿಂದ ಮೇವರೆಗಿನ ನೀರಿಲ್ಲದ ಸೆಕೆ. ಆಮೇಲೆ ನಾಲ್ಕು ತಿಂಗಳ ಜಡಿಮಳೆ.

ಹಾಗಿದ್ದರೂ ಜನ ಕೇಳುತ್ತಾರೆ ಎಂಬುದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಕರಾವಳಿಯ ತೋಟವೇ ಹೊರಗಿನಿಂದ ಬಂದವುಗಳ ಕೂಟ. ಗೇರು, ಅನಾನಸು, ಪಪ್ಪಾಯಿ, ಪೇರಳೆ ಪೋರ್ಚುಗೀಸರ ಕಾಲದಲ್ಲಿ ಬಂದು ನಾಲ್ಕು ಶತಮಾನಗಳಲ್ಲಿ ನಮ್ಮವೇ ಆದವು. ಇಲ್ಲಿನ ಮುರಕಲ್ಲಿನ ಗುಡ್ಡದಲ್ಲಿ ಗೇರನ್ನು ಇಂದು ಯಾರೂ ಪರದೇಶಿ ಎನ್ನುವುದಿಲ್ಲ. ಅಡಿಕೆಯ ಧಾರಣೆ ಕುಸಿದ 1970ರ ದಶಕದ ಆರಂಭದಲ್ಲಿ ಬೆಳೆಗಾರರೇ ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ಅಡಿಕೆಯ ನೆರಳಿಗೆ ಕೊಕ್ಕೊ ಬಂತು. ಅದನ್ನು ಕೊಳ್ಳುವವರು ಹಿಂದೆ ಸರಿದಾಗ ಅದೇ ಸಹಕಾರಿ ಸಂಸ್ಥೆ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು. ಕೊಕ್ಕೊ ಉಳಿದದ್ದು ಗಿಡದ ಗುಣದಿಂದ ಮಾತ್ರವಲ್ಲ, ಕೊಳ್ಳುವ ಬಾಗಿಲು ಹತ್ತಿರದಲ್ಲೇ ಇದ್ದುದರಿಂದ. ಈ ಮಾತು ಮುಂದಿನ ಬೆಳೆಗಳ ಚರ್ಚೆಯಲ್ಲಿ ಬಹಳ ಬೇಗ ಮರೆತುಹೋಯಿತು.

ಮುಂದಿನದು ವೆನಿಲ್ಲಾ. ಈ ಹಂತವನ್ನು ನಾನು ನಮ್ಮ ಮನೆಯ ಅಂಗಳದಲ್ಲೇ ಕಂಡವನು. ಮೆಕ್ಸಿಕೊ ಮೂಲದ ಈ ಆರ್ಕಿಡ್ ಬಳ್ಳಿಯನ್ನು ಗೊಬ್ಬರದ ಗಿಡದ ಕಂಬಕ್ಕೆ ಹಬ್ಬಿಸಿ, ಬುಡಕ್ಕೆ ಸೊಪ್ಪು ಮುಚ್ಚಿ, ಬೇಸಗೆಯಿಡೀ ನೀರು ಚಿಮುಕಿಸಬೇಕು. ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಬಾಡುತ್ತದೆ. ಅದರ ಪರಾಗಕ್ಕೂ ಪರಾಗ ಸೇರಬೇಕಾದ ಶಲಾಕಾಗ್ರಕ್ಕೂ ನಡುವೆ ತೆಳ್ಳಗಿನ ಒಂದು ಪರದೆಯಿದೆ. ಅದನ್ನು ಸರಿಸಿ ಪರಾಗ ಮುಟ್ಟಿಸುವ ಕೆಲಸವನ್ನು ಇಲ್ಲಿನ ಯಾವ ಜೇನೂ ಮಾಡದು, ಮನುಷ್ಯರೇ ಮಾಡಬೇಕು. ನಮ್ಮ ಅತ್ತಿಗೆ ಹಿಡಿಸೂಡಿಯ ಕಡ್ಡಿಯನ್ನು ಬ್ಲೇಡಿನಿಂದ ಚೂಪು ಮಾಡಿ, ಎಡಗೈಯಲ್ಲಿ ಹೂವು ಹಿಡಿದು, ಕಡ್ಡಿಯ ತುದಿಯಿಂದ ಆ ಪರದೆಯನ್ನು ಮೇಲಕ್ಕೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಮೆಲ್ಲಗೆ ಒತ್ತುತ್ತಿದ್ದರು. ಬೆಳಗಿನ ದೋಸೆ ಮುಗಿಯುವ ಮೊದಲೇ ಇನ್ನೂರು ಮುನ್ನೂರು ಹೂವು ಮುಗಿಸುತ್ತಿದ್ದರು. ಒಂದು ಗೊಂಚಲಿನಲ್ಲಿ ಹದಿನೈದು ಇಪ್ಪತ್ತು ಮೊಗ್ಗು ಇದ್ದರೂ ಎಂಟು ಹತ್ತಕ್ಕಿಂತ ಹೆಚ್ಚು ಕಟ್ಟಿಸಿದರೆ ಕೋಡು ಸಣಕಲಾಗುತ್ತದೆ ಎಂಬ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು. ಕೋಡು ಬಲಿಯಲು ಒಂಬತ್ತು ತಿಂಗಳು.

ಧಾರಣೆ ಏರಿದ್ದರ ಕಾರಣ ನಮ್ಮ ತೋಟದಲ್ಲಿರಲಿಲ್ಲ. ಜಗತ್ತಿನ ವೆನಿಲ್ಲಾದ ಬಹುಪಾಲು ಬೆಳೆಯುವ ಮಡಗಾಸ್ಕರ್‌ಗೆ 2000ದ ಏಪ್ರಿಲ್‌ನಲ್ಲಿ ಹುಡಾ ಚಂಡಮಾರುತ ಬಡಿಯಿತು. 2002ರಲ್ಲಿ ಅಲ್ಲಿ ರಾಜಕೀಯ ಬಿಕ್ಕಟ್ಟು ಎದ್ದಿತು. 2003ರ ಹೊತ್ತಿಗೆ ಇಲ್ಲಿ ಹಸಿ ಕೋಡಿನ ಬೆಲೆ ಕಿಲೋಗೆ ಮೂರು ಸಾವಿರ ರೂಪಾಯಿ ಮೀರಿತು. ರಾತ್ರಿ ಟಾರ್ಚು ಹಿಡಿದು ತೋಟ ಕಾಯುವವರಿದ್ದರು, ನಾಯಿ ಸಾಕಿದವರಿದ್ದರು, ಕಳವಿನ ಭಯಕ್ಕೆ ಕೋಡು ಬಲಿಯುವ ಮೊದಲೇ ಕೊಯ್ದವರೂ ಇದ್ದರು. ಕೋಡಿಗಿಂತ ಮೊದಲು ಹಣ ತಂದದ್ದು ಬಳ್ಳಿಯ ತುಂಡು. ಮೊದಲು ನೆಟ್ಟವರು ತುಂಡು ಮಾರಿಯೇ ಖರ್ಚು ಹುಟ್ಟಿಸಿಕೊಂಡರು. ಅವರಿಂದ ಕೊಂಡವರು ಇನ್ನೊಬ್ಬರಿಗೆ ಮಾರಿದರು. ಕೊನೆಗೆ ಕೊಂಡವರ ಬಳ್ಳಿ ಹೂ ಬಿಡುವ ಹೊತ್ತಿಗೆ ಮಡಗಾಸ್ಕರ್ ಚೇತರಿಸಿಕೊಂಡಿತ್ತು, ದೊಡ್ಡ ಖರೀದಿದಾರರು ಕೃತಕ ವೆನಿಲಿನ್‌ಗೆ ತಿರುಗಿದ್ದರು. ಎರಡು ಮೂರು ವರ್ಷಗಳಲ್ಲಿ ಕಿಲೋಗೆ ನೂರು ರೂಪಾಯಿಯೂ ಸಿಗದಾಯಿತು. ಮಳೆಗಾಲದಲ್ಲಿ ಬುಡ ಕೊಳೆತು ಬಳ್ಳಿ ಸತ್ತಾಗ ಮತ್ತೆ ನೆಡಲು ಯಾರಿಗೂ ಮನಸ್ಸಾಗಲಿಲ್ಲ. ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಿದರೆನ್ನಲಾಗದು. ಪ್ರತಿಯೊಬ್ಬರೂ ತಮ್ಮ ಪಕ್ಕದವರಿಗೆ ನಿಜವಾದ ಬೆಲೆಯನ್ನೇ ಹೇಳಿದ್ದರು, ಆ ದಿನದ ಬೆಲೆಯನ್ನು.

ರಬ್ಬರಿನ ಕಥೆ ಬೇಗ ಮುಗಿಯುತ್ತದೆ: 2011ರಲ್ಲಿ ಏರಿತು, ಆಮೇಲೆ ಇಳಿಯಿತು. ರಬ್ಬರು ಇಳಿದಾಗ ಕೇರಳದ ಬೆಳೆಗಾರರು ರಂಬುಟಾನ್ ಕಡೆಗೆ ತಿರುಗಿದರು, ಗಡಿಯ ಈಚೆಗೂ ಆ ಗಾಳಿ ಬೀಸಿತು. ಇಲ್ಲಿ ಒಂದು ನ್ಯಾಯದ ಮಾತು ಹೇಳಬೇಕು: ರಂಬುಟಾನ್ ಮತ್ತು ಮ್ಯಾಂಗೋಸ್ಟೀನ್ ನಮ್ಮ ಹವೆಗೆ ಹೊಂದುವ ಮರಗಳು. ಮಲಯಾ ದ್ವೀಪಗಳ ಸೆಕೆ, ಮಳೆ, ತೇವ ನಮ್ಮದಕ್ಕೆ ದೂರವಲ್ಲ. ಮ್ಯಾಂಗೋಸ್ಟೀನ್ ನಮ್ಮ ಪುನರ್ಪುಳಿಯ ದಾಯಾದಿ. ಬೀಜದ ರಂಬುಟಾನ್ ಗಿಡಗಳಲ್ಲಿ ಸುಮಾರು ಅರ್ಧ ಗಂಡಾಗಿಬಿಡುವುದರಿಂದ ಕಸಿ ಗಿಡವೇ ಬೇಕೆಂಬುದನ್ನು ಜನ ಬೇಗ ಕಲಿತರು. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ‘ಅರ್ಕಾ ಕೂರ್ಗ್ ಅರುಣ್’ ಎಂಬ ಕೆಂಪು ತಳಿಯೂ ‘ಅರ್ಕಾ ಕೂರ್ಗ್ ಪೀತಾಭ್’ ಎಂಬ ಹಳದಿ ತಳಿಯೂ ಬಂದವು. ಆದರೂ ಹಣ್ಣು ಮಾಗುವುದು ಮಳೆಯ ಮಧ್ಯೆ. ಮರಕ್ಕೆ ಬಲೆ ಹೊದಿಸದಿದ್ದರೆ ಬಾವಲಿ, ಹಕ್ಕಿಗಳ ಪಾಲು. ಕೊಯ್ದ ಎರಡು ಮೂರು ದಿನಗಳಲ್ಲಿ ಕೆಂಪು ಮುಳ್ಳು ಕಪ್ಪಾಗುತ್ತದೆ, ಒಳಗಿನ ತಿರುಳು ಚೆನ್ನಾಗಿದ್ದರೂ ಅಂಗಡಿಯವರು ಮುಟ್ಟುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕೋಯಿಕ್ಕೋಡ್‌ನಲ್ಲಿ ಬಾವಲಿಯಿಂದ ಹರಡುವ ನಿಪಾ ರೋಗ ಕಾಣಿಸಿಕೊಂಡು ಅನುಮಾನ ರಂಬುಟಾನ್ ಮೇಲೆ ಬಿದ್ದಾಗ, ಹಣ್ಣಿನ ವ್ಯಾಪಾರ ರೋಗದ ಸುದ್ದಿಯ ಮೇಲೂ ನಿಂತಿದೆ ಎಂಬುದು ಅರಿವಿಗೆ ಬಂತು.

ಇಷ್ಟೆಲ್ಲ ಕಂಡ ಮೇಲೂ ಹೊಸ ಸಸಿಯ ಆಸೆ ಆರದಿರಲು ಕಾರಣ ಅಡಿಕೆಯೇ. ಸುಳ್ಯ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಬರಿದು ಮಾಡಿದೆ. ಎಲೆಚುಕ್ಕಿ ರೋಗ ಮಲೆನಾಡಿನ ಅಂಚಿನಿಂದ ಇಳಿದು ಬಂದಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮರ ಏರುವವರು ಸಿಗುವುದು ಕಷ್ಟ. ಒಂದು ಎಕರೆ ಎರಡು ಎಕರೆಯವರಿಗೆ ಇನ್ನೊಂದು ಆಧಾರ ಬೇಕೆಂಬುದು ಶೋಕಿಯಲ್ಲ. ಆದರೆ ಹ್ಯಾಸ್ಕಾಪ್ ಬಗ್ಗೆ ಹೊಗಳುವ ಆ ನೀಲಿ ವರ್ಣದ್ರವ್ಯ, ಆಂಥೋಸಯನಿನ್, ನಮ್ಮ ನೇರಳೆಯಲ್ಲೂ ಪುನರ್ಪುಳಿಯ ಸಿಪ್ಪೆಯಲ್ಲೂ ಇದೆ. ಮೇ ತಿಂಗಳಲ್ಲಿ ರಸ್ತೆಯಂಚಿನ ನೇರಳೆ ಮರದ ಕೆಳಗೆ ಡಾಂಬರು ನೇರಳೆಯಾಗಿರುತ್ತದೆ, ಅದರ ಮೇಲೆಯೇ ಬಸ್ಸು ಹೋಗುತ್ತದೆ. ಹೊಕ್ಕೈಡೋದಲ್ಲಿಯೂ ಹ್ಯಾಸ್ಕಾಪ್ ಹಣ್ಣಾಗಿ ದೂರ ಪ್ರಯಾಣ ಮಾಡುವುದಿಲ್ಲ, ಸಿಪ್ಪೆ ಅಷ್ಟು ತೆಳು. ಅಲ್ಲಿ ಅದು ಹೆಚ್ಚಾಗಿ ಜಾಮ್ ಮತ್ತು ಸಿಹಿತಿಂಡಿಗಳಾಗಿ ಮಾರಾಟವಾಗುತ್ತದೆ.

ನಮ್ಮ ಗುಂಪಿನ ಅಕ್ಕ ಒಬ್ಬರು ಆ ಚಿತ್ರ ನೋಡಿ ಮೂರು ಸಸಿ ತರಿಸಿದ್ದರು. ಕೊರಿಯರ್ ಪೆಟ್ಟಿಗೆಯಲ್ಲಿ ಒದ್ದೆ ತೆಂಗಿನ ನಾರಿನ ಪುಡಿ ಸುತ್ತಿ ಬಂದ ಪೆನ್ಸಿಲ್ ಗಾತ್ರದ ಕಡ್ಡಿಗಳು. ಮಳೆಗಾಲದಲ್ಲಿ ಚಿಗುರಿದವು, ಮಾರ್ಚ್ ಕೊನೆಗೆ ಎರಡು ಒಣಗಿದವು. ಮೂರನೆಯದನ್ನು ಬಚ್ಚಲ ಹಿಂದಿನ ನೆರಳಿಗೆ ಸರಿಸಿದ್ದಾರೆ, ಎಲೆಯ ಅಂಚು ಸುಟ್ಟಂತಾಗಿದ್ದರೂ ಜೀವವಿದೆ. ಹಣ್ಣಾಗಲು ಇನ್ನೊಂದು ತಳಿ ಪಕ್ಕದಲ್ಲಿರಬೇಕೆಂದು ಅವರಿಗೆ ತಿಳಿದದ್ದು ಇತ್ತೀಚೆಗೆ. ಪೆಟ್ಟಿಗೆಯಲ್ಲಿದ್ದ ಚೀಟಿಗಳನ್ನು ಹುಡುಕಿ ನೋಡಿದರೆ ಮೂರರ ಮೇಲೂ ಒಂದೇ ತಳಿಯ ಹೆಸರಿತ್ತು.