‘ದಿ ಮೆಸೇಜ್’ ಕೇಳುವಾಗ ಬಾರ್ ಎಣಿಸುವುದು ಹೇಗೆ

ಸಮಾಜದ ಕಷ್ಟ ಹೇಳುವ ರಾಪ್ ಕಲಿಯಲು ನಾನು ಹಿಡಿದುಕೊಂಡ ಸಿಂಗಲ್ (ಬಿಡಿ ಹಾಡಾಗಿ ಬಂದ ರೆಕಾರ್ಡ್) ‘ದಿ ಮೆಸೇಜ್’. 1982ರಲ್ಲಿ ಶುಗರ್ ಹಿಲ್ ರೆಕಾರ್ಡ್ಸ್ ಹೊರತಂದಿತು. ಹೆಸರು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅಂಡ್ ದ ಫ್ಯೂರಿಯಸ್ ಫೈವ್ ತಂಡದ್ದು. ರಾಪ್ ಮಾಡಿದವರು ಮಾತ್ರ ಇಬ್ಬರೇ: ತಂಡದ ಮೆಲ್ಲಿ ಮೆಲ್, ಸ್ಟುಡಿಯೋದಲ್ಲಿ ವಾದ್ಯ ನುಡಿಸುತ್ತಿದ್ದ ಡ್ಯೂಕ್ ಬೂಟಿ. ಹಾಡಿನ ಹಿಂದಿರುವ ನ್ಯೂಯಾರ್ಕಿನ ಬಡ ಬಡಾವಣೆ ಸೌತ್ ಬ್ರಾಂಕ್ಸ್ ಆಗ ಹೇಗಿತ್ತು ಅನ್ನುವುದು ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಬಿಡುತ್ತೇನೆ.

ನನಗೆ ತಲೆಗೆ ಹತ್ತದೆ ಉಳಿದದ್ದು ಬಾರ್ ಲೆಕ್ಕ. ಭಾಮಿನಿ ಷಟ್ಪದಿ ಓದಿ ಬಂದವರಿಗೆ ಸಾಲಿಗೆ ಇಷ್ಟೇ ಮಾತ್ರೆ ಅನ್ನುವ ಅಭ್ಯಾಸ ಇರುತ್ತದೆ, ಅಲ್ವಾ? ಚಿಕ್ಕ ಸಾಲಿಗೆ 3+4+3+4, ಒಟ್ಟು 14. ರಾಪ್‌ನಲ್ಲಿ ಹಾಗಿಲ್ಲ. ಬೀಟ್, ಅಂದರೆ ತಾಳದ ಹೊಡೆತ ಮಾತ್ರ ನಿಗದಿ, ಅದರೊಳಗೆ ಎಷ್ಟು ಅಕ್ಷರ ತುಂಬಬೇಕು ಅನ್ನುವುದು ಹಾಡುವವರ ಇಷ್ಟ.

ಒಂದು ಬಾರ್ ಅಂದರೆ ನಾಲ್ಕು ಬೀಟ್. ಈ ಹಾಡಿನಲ್ಲಿ ನಿಮಿಷಕ್ಕೆ ಸುಮಾರು 100 ಬೀಟ್, ಅಂದರೆ ಬಾರ್‌ಗೆ 2.4 ಸೆಕೆಂಡ್. ಈಗ ಮೊದಲ ಪದ್ಯದ ಶುರು ನೋಡಿ. ಎಲ್ಲೆಲ್ಲೂ ಒಡೆದ ಗಾಜು, ಇಷ್ಟೇ ಮಾತು. ಇಂಗ್ಲಿಷಿನಲ್ಲಿ 6 ಉಚ್ಚಾರ (ಸಿಲಬಲ್). ಮುಂದಿನ ಬಾರ್‌ನಲ್ಲಿ ಜನ ಮೆಟ್ಟಿಲ ಮೇಲೇ ಮೂತ್ರ ಮಾಡುತ್ತಾರೆ, ಯಾರಿಗೂ ಅದರ ಪರಿವೆ ಇಲ್ಲ. ಅದು 13 ಉಚ್ಚಾರ. ಸಮಯ ಮಾತ್ರ ಅಷ್ಟೇ 2.4 ಸೆಕೆಂಡ್! ಮೊದಲ ಬಾರ್ ಗಾಜನ್ನು ನೋಡಲು ಬಿಡುವು ಕೊಡುತ್ತದೆ. ಎರಡನೆಯದು ಉಸಿರಾಡಲು ಬಿಡುವುದಿಲ್ಲ. ಆ ಮನೆಯಲ್ಲಿ ಇರುವುದು ಹೇಗೆ ಅನ್ನುವುದು ನನಗೆ ಅರ್ಥವಾದದ್ದು ಇಲ್ಲೇ.

ಎಣಿಸುವ ಸುಲಭ ದಾರಿ: ಮಾತನ್ನು ಬಿಟ್ಟುಬಿಡಿ. ಕಾಲಲ್ಲಿ ತಾಳ ಹಾಕಿ, ಡ್ರಮ್‌ನ ಜೋರು ಹೊಡೆತ 2 ಮತ್ತು 4ಕ್ಕೆ ಬೀಳುತ್ತದೆ. ತಾಳ ಕೂತ ಮೇಲೆ 4ರ ಮೇಲೆ ಬರುವ ಪದಗಳನ್ನಷ್ಟೇ ಬರೆದುಕೊಳ್ಳಿ. ಪ್ರಾಸ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ನಮ್ಮ ಎರಡನೇ ಅಕ್ಷರದ ಪ್ರಾಸ ಹುಡುಕುತ್ತಾ ಸಾಲಿನ ಶುರುವಿಗೆ ಹೋಗಬೇಡಿ. ಇಂಗ್ಲಿಷಿನಲ್ಲಿ ‘ಮೆಟ್ಟಿಲು’ ಅನ್ನುವ ಪದ (ಸ್ಟೇರ್ಸ್) ಬಾರ್‌ನ ನಡುವೆಯೇ ಪ್ರಾಸ ಸೇರಿಸಿಬಿಡುತ್ತದೆ, ಅದನ್ನು ಬೇರೆ ಗುರುತು ಹಾಕಿ.

ಕೊನೆಯ ಪದ್ಯ ಹೊಸದಲ್ಲ. ಇದೇ ತಂಡದ 1979ರ ಹಾಡು ‘ಸೂಪರ್‌ರಾಪಿನ್’ನಲ್ಲೇ ಇತ್ತು. ಅಲ್ಲಿ ಪಾರ್ಟಿ ಕುಣಿತದ ನಡುವೆ ಸರಿದು ಹೋಗುತ್ತದೆ, ಇಲ್ಲಿ ನಿಧಾನದ ಬೀಟ್ ಮೇಲೆ ಒಂದೊಂದು ಮಾತೂ ಕೇಳುತ್ತದೆ. ಒಂದು ಮಗು ಹುಟ್ಟಿತು ಅಂತ ಶುರು. ಸ್ವಲ್ಪದರಲ್ಲೇ ‘ನೀನು’ ಅಂತಾಗುತ್ತದೆ. ಶಾಲೆ ಬಿಟ್ಟವನು, ದರೋಡೆಗಿಳಿದವನು, ಜೈಲಿನಲ್ಲಿ ಸತ್ತವನು ಎಲ್ಲವೂ ಕೇಳುವವನೇ.

ಆಮೇಲೆ ಬರುವ ಸಂಭಾಷಣೆಯನ್ನು ಸುಮ್ನೆ ದಾಟಿಸಬೇಡಿ. ಬೀದಿಯಲ್ಲಿ ಹರಟುತ್ತಾ ನಿಂತ ಗೆಳೆಯರನ್ನು ಪೊಲೀಸರು ಹಿಡಿದೊಯ್ಯುತ್ತಾರೆ. ಪದ್ಯದ ಹುಡುಗ ದರೋಡೆ ಮಾಡಿ ಸಿಕ್ಕಿಬಿದ್ದ. ಇವರು ಏನೂ ಮಾಡಿರಲಿಲ್ಲ.