ಪದ ಪರಿಚಯ: ಅಸಮ ಮೈತ್ರಿ

ಎರಡು ದೇಶಗಳು ರಕ್ಷಣಾ ಒಪ್ಪಂದ ಮಾಡಿಕೊಂಡಾಗ ಕಾಗದದ ಮೇಲೆ ಇಬ್ಬರೂ ಸಮಾನರು. ಆದರೆ ಒಬ್ಬರ ಬಲ ಜಾಸ್ತಿ, ಇನ್ನೊಬ್ಬರದು ಕಡಿಮೆ. ಹಾಗಾಗಿ ಇಬ್ಬರಿಗೂ ಸಿಗುವುದು ಒಂದೇ ಅಲ್ಲ, ಇಬ್ಬರೂ ಕೊಡುವುದೂ ಒಂದೇ ಅಲ್ಲ. ಇಂಥ ಸಂಬಂಧಕ್ಕೆ ಅಸಮ ಮೈತ್ರಿ ಎನ್ನುತ್ತಾರೆ.

ಈ ಮಾತು ಕೇಳಿದ ಕೂಡಲೇ ದೊಡ್ಡ ದೇಶ ಚಿಕ್ಕ ದೇಶವನ್ನು ಸುಲಿಯುತ್ತಿದೆ ಎಂದುಕೊಳ್ಳುವವರೇ ಹೆಚ್ಚು. ಹಾಗಾಗುವುದೂ ಉಂಟು. ಆದರೆ ದೊಡ್ಡ ದೇಶದವರನ್ನು ಕೇಳಿ ನೋಡಿ. ಖರ್ಚೆಲ್ಲ ನಮ್ಮದು, ಲಾಭ ಮಾತ್ರ ಅವರದು ಎಂದು ಅವರೂ ಗೊಣಗುತ್ತಾರೆ. ಮೋಸ ಹೋದವರು ನಾವೇ ಎಂದು ಎರಡೂ ಕಡೆಯವರಿಗೆ ಅನಿಸುತ್ತದೆ. ಅಸಮ ಮೈತ್ರಿಯ ಗುರುತೇ ಇದು ಅನ್ನಬಹುದು.

ಜಪಾನ್ ಮತ್ತು ಅಮೆರಿಕದ ಸಂಬಂಧವನ್ನೇ ನೋಡಿ. 1951ರ ಮೊದಲ ಭದ್ರತಾ ಒಪ್ಪಂದ ನಿಜಕ್ಕೂ ಒಂದೇ ಕಡೆಗೆ ವಾಲಿತ್ತು. ಜಪಾನ್‌ನಲ್ಲಿ ಸೇನೆ ಇಟ್ಟುಕೊಳ್ಳುವ ಹಕ್ಕು ಅಮೆರಿಕಕ್ಕೆ ಸಿಕ್ಕಿತು. ಜಪಾನನ್ನು ಕಾಪಾಡಲೇಬೇಕು ಎಂಬ ಸ್ಪಷ್ಟ ಹೊಣೆ ಮಾತ್ರ ಅದರಲ್ಲಿ ಇರಲಿಲ್ಲ. ಸಾಲದ್ದಕ್ಕೆ, ಜಪಾನ್ ಸರ್ಕಾರ ಕೇಳಿಕೊಂಡರೆ ದೇಶದೊಳಗಿನ ದೊಡ್ಡ ಗಲಭೆ ಅಡಗಿಸಲೂ ಆ ಸೇನೆಯನ್ನು ಬಳಸಬಹುದಿತ್ತು! 1960ರಲ್ಲಿ ಒಪ್ಪಂದ ಬದಲಾಯಿತು. ಜಪಾನ್ ಆಡಳಿತದಲ್ಲಿರುವ ನೆಲದ ಮೇಲೆ ದಾಳಿಯಾದರೆ ಅಮೆರಿಕ ನೆರವಿಗೆ ನಿಲ್ಲಬೇಕು ಎಂದು 5ನೇ ವಿಧಿ ಹೇಳಿತು. ಜಪಾನ್‌ನ ಸೇನಾ ನೆಲೆಗಳನ್ನು ಬಳಸುವ ಅವಕಾಶವನ್ನು 6ನೇ ವಿಧಿ ಅಮೆರಿಕಕ್ಕೆ ಕೊಟ್ಟಿತು. ಅಮೆರಿಕದ ನೆಲದ ಮೇಲೆ ದಾಳಿಯಾದರೆ? ಜಪಾನ್ ಹೋಗಿ ಹೋರಾಡಬೇಕೆಂದು ಎಲ್ಲೂ ಇಲ್ಲ. ಡೊನಾಲ್ಡ್ ಟ್ರಂಪ್ ಬಹಿರಂಗವಾಗಿ ದೂರುತ್ತಾ ಬಂದಿರುವುದು ಇದನ್ನೇ.

ಆದರೆ ಈ ದೂರಿನಲ್ಲಿ ಅರ್ಧ ಲೆಕ್ಕ ಬಿಟ್ಟುಹೋಗಿದೆ. ಜಪಾನ್ ಕೊಟ್ಟಿರುವುದು ನೆಲ. ಏಷ್ಯಾದಲ್ಲಿ ಅಂಥ ನೆಲೆಗಳಿಲ್ಲದೆ ಅಮೆರಿಕದ ನೌಕಾಪಡೆ, ವಾಯುಪಡೆ ಈಗಿನಂತೆ ಕೆಲಸ ಮಾಡುವುದು ಕಷ್ಟ. ನೆಲೆಗಳ ಖರ್ಚಿನಲ್ಲೂ ಜಪಾನ್ ದೊಡ್ಡ ಪಾಲು ಕೊಡುತ್ತದೆ.

ರಾಜಕೀಯ ವಿಜ್ಞಾನಿ ಜೇಮ್ಸ್ ಮಾರೋ 1991ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿಟ್ಟರು. ಇಂಥ ಮೈತ್ರಿಯಲ್ಲಿ ಚಿಕ್ಕ ದೇಶ ಭದ್ರತೆ ಪಡೆಯುತ್ತದೆ, ಬದಲಿಗೆ ತನ್ನ ಸ್ವಾತಂತ್ರ್ಯದಲ್ಲಿ ಸ್ವಲ್ಪ ಬಿಟ್ಟುಕೊಡುತ್ತದೆ. ದೊಡ್ಡ ದೇಶ ಭದ್ರತೆ ಕೊಟ್ಟು ನೆಲೆ, ಬೆಂಬಲ, ಪ್ರಭಾವ ಗಳಿಸುತ್ತದೆ. ಎರಡೂ ಬೇರೆ ಬೇರೆ ಸರಕು. ಬರೀ ದುಡ್ಡಿನಲ್ಲಿ ಅಳೆಯಲು ಹೋದರೆ ಲೆಕ್ಕ ಕೂಡುವುದೇ ಇಲ್ಲ.

ಭಯಗಳೂ ಬೇರೆ ಬೇರೆ. ಕಷ್ಟ ಬಂದಾಗ ಕೈಬಿಟ್ಟರೆ ಎಂಬ ಹೆದರಿಕೆ ಒಂದು. ಮಿತ್ರನ ಜಗಳಕ್ಕೆ ಸುಮ್ನೆ ನಾವು ಸಿಕ್ಕಿಹಾಕಿಕೊಂಡರೆ ಎಂಬುದು ಇನ್ನೊಂದು. ಇನ್ನೊಬ್ಬ ರಾಜಕೀಯ ವಿಜ್ಞಾನಿ ಗ್ಲೆನ್ ಸ್ನೈಡರ್ 1984ರಲ್ಲಿ ಈ ಜೋಡಿ ಭಯದ ಬಗ್ಗೆ ಬರೆದರು. ಒಂದನ್ನು ತಗ್ಗಿಸಲು ಮಿತ್ರನಿಗೆ ಹತ್ತಿರವಾದರೆ ಇನ್ನೊಂದು ಏರುತ್ತದೆ.

ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಮಾತ್ರ ಬೇರೆ. ದೇಶಕ್ಕೆ ಲಾಭ ಎನ್ನುತ್ತೇವೆ, ಸರಿ. ದೇಶದೊಳಗೆ ಹೊರೆ ಯಾರ ಮೇಲೆ? ದಕ್ಷಿಣದ ದ್ವೀಪ ಪ್ರಾಂತ್ಯ ಒಕಿನಾವಾ ಜಪಾನ್‌ನ ಒಟ್ಟು ನೆಲದಲ್ಲಿ ಸುಮಾರು 0.6 ಶೇಕಡಾ ಅಷ್ಟೇ. ಆದರೆ ಅಮೆರಿಕದ ಸೇನೆಗೆಂದೇ ಮೀಸಲಾದ ಜಾಗದಲ್ಲಿ ಸುಮಾರು 70 ಶೇಕಡಾ ಅಲ್ಲಿದೆ. ಭದ್ರತೆ ಇಡೀ ಜಪಾನ್‌ಗೆ, ವಿಮಾನದ ಸದ್ದು ಮತ್ತು ಅಪಘಾತದ ಭಯ ಬಹುಪಾಲು ಒಂದು ದ್ವೀಪದವರಿಗೆ. ಎರಡು ದೇಶಗಳ ನಡುವಿನ ಅಸಮತೆ ಬಗ್ಗೆ ಮಾತಾಡುವಾಗ ಈ ಒಳಗಿನ ಅಸಮತೆ ಮರೆತೇಹೋಗುತ್ತದೆ, ಅಲ್ವಾ?

ಚಿಕ್ಕ ದೇಶ ಬೇಡ ಎನ್ನಲೂಬಹುದು. ನ್ಯೂಜಿಲೆಂಡ್ 1951ರಿಂದ ಅಮೆರಿಕ, ಆಸ್ಟ್ರೇಲಿಯಾ ಜೊತೆ ಆನ್‌ಜಸ್ ಎಂಬ ರಕ್ಷಣಾ ಒಪ್ಪಂದದಲ್ಲಿತ್ತು. 1984ರಲ್ಲಿ ಬಂದ ಸರ್ಕಾರ ಅಣ್ವಸ್ತ್ರ ಹೊತ್ತ ಹಡಗುಗಳಿಗೆ ಬಂದರು ಮುಚ್ಚಿತು. ಯಾವ ಹಡಗಿನಲ್ಲಿ ಅಣ್ವಸ್ತ್ರ ಇದೆ, ಯಾವುದರಲ್ಲಿ ಇಲ್ಲ ಎಂದು ಹೇಳದಿರುವುದೇ ಅಮೆರಿಕದ ನೀತಿ. ಹೀಗಾಗಿ 1985ರಲ್ಲಿ ಅಮೆರಿಕದ ಬುಕ್ಯಾನನ್ ಹಡಗಿಗೆ ಪ್ರವೇಶ ಸಿಗಲಿಲ್ಲ. ಮರುವರ್ಷ ಅಮೆರಿಕ ನ್ಯೂಜಿಲೆಂಡ್‌ಗೆ ಕೊಟ್ಟಿದ್ದ ರಕ್ಷಣೆಯ ಭರವಸೆಯನ್ನು ತಡೆಹಿಡಿಯಿತು. ನ್ಯೂಜಿಲೆಂಡ್ ಜಗ್ಗಲಿಲ್ಲ, 1987ರಲ್ಲಿ ತನ್ನ ನಿಲುವನ್ನು ಕಾನೂನೇ ಮಾಡಿತು. ಅಮೆರಿಕದ ಯುದ್ಧನೌಕೆ ಮತ್ತೆ ಅಲ್ಲಿಗೆ ಬಂದಿದ್ದು 2016ರಲ್ಲಿ. ಆಗಲೂ ಆ ಕಾನೂನು ಹಾಗೇ ಇತ್ತು.